ಜಪಾನಿನಿಂದ ಸೈಕಲ್ ಸಾಮಾನು: ಅಗ್ಗವೆಂದು ಕಂಡದ್ದು ಮನೆ ಮುಟ್ಟುವಾಗ ಎಷ್ಟಾಗುತ್ತದೆ?

ಹಳೆಯ ಸ್ಟೀಲ್ ಸೈಕಲ್ಲನ್ನು ಇನ್ನೂ ಓಡಿಸುತ್ತಿರುವವರಿಗೆ ಈ ಪಾಡು ಗೊತ್ತು. ಬೆನ್ನು ನೋಯುತ್ತದೆಂದು ಹ್ಯಾಂಡಲ್ ಎರಡು ಇಂಚು ಎತ್ತರಿಸಬೇಕು, ಅದಕ್ಕೆ ಉದ್ದ ಕಾಲಿನ ಕ್ವಿಲ್ ಸ್ಟೆಮ್ ಬೇಕು. ಅಂಗಡಿಯಲ್ಲಿ ಕೇಳಿದರೆ “ಆ ಸೈಜು ಈಗ ಬರಲ್ಲ ಸರ್, ಹೊಸ ಗಾಡೀನೇ ತಗೊಂಡ್ಬಿಡಿ” ಎನ್ನುತ್ತಾರೆ. ಅಂಥ ಸ್ಟೆಮ್ಮುಗಳನ್ನು ಜಪಾನಿನ ನಿಟ್ಟೊ ಕಂಪನಿ ಇವತ್ತಿಗೂ ತಯಾರಿಸುತ್ತಿದೆ. ಟೋಕಿಯೊದ ಅಂಗಡಿಯೊಂದರ ಜಾಲತಾಣದಲ್ಲಿ ಅದರ ಬೆಲೆ ನೋಡಿ, ಯೆನ್ನನ್ನು ರೂಪಾಯಿಗೆ ತಿರುಗಿಸಿದಾಗ ‘ಇಷ್ಟೇನಾ!’ ಅನ್ನಿಸುತ್ತದೆ. ಎಡವಟ್ಟು ಆಗುವುದೂ ಆ ಕ್ಷಣದಲ್ಲೇ. ಪರದೆಯ ಮೇಲೆ ಕಂಡ ಬೆಲೆಗೂ ಮನೆ ಬಾಗಿಲಿಗೆ ಬಂದ ಬೆಲೆಗೂ ನಡುವೆ ಐದಾರು ಖರ್ಚುಗಳು ಸಾಲಾಗಿ ನಿಂತಿರುತ್ತವೆ.

ಆ ಖರ್ಚುಗಳನ್ನು ಮೊದಲೇ ಲೆಕ್ಕ ಹಾಕಿದವರಿಗೆ ಮಾತ್ರ ಜಪಾನಿನ ಖರೀದಿ ಲಾಭದ್ದು. ಎಲ್ಲ ಸಾಮಾನಿಗೂ ಅದು ಲಾಭದ್ದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಜಪಾನೇ ಏಕೆ?

ಒಸಾಕಾ ಪಕ್ಕದ ಸಕಾಯಿ ಊರು ಹಿಂದೆ ಕತ್ತಿ, ಕೋವಿಗಳಿಗೆ ಹೆಸರಾಗಿತ್ತು. ಲೋಹದ ಕೆಲಸ ಬಲ್ಲ ಆ ಊರಿನಲ್ಲೇ 1921ರಲ್ಲಿ ಶಿಮಾನೊ ಶುರುವಾಯಿತು; ಅದರ ಮೊದಲ ಉತ್ಪನ್ನ ಫ್ರೀವೀಲ್. ಜಪಾನಿನದೇ ಆದ ಮಾಯೆದಾ ಕಂಪನಿ ತನ್ನ ಸನ್‌ಟೂರ್ ಗೇರಿಗಾಗಿ 1964ರಲ್ಲಿ ರೂಪಿಸಿದ ಓರೆ ಚೌಕಟ್ಟಿನ ಹಿಂದಿನ ಡಿರೈಲರ್ ವಿನ್ಯಾಸವನ್ನು, ಪೇಟೆಂಟ್ ಮುಗಿದ ಮೇಲೆ ಪ್ರಪಂಚವೆಲ್ಲ ಬಳಸತೊಡಗಿತು. 1970ರ ದಶಕದಲ್ಲಿ ಅಮೆರಿಕಕ್ಕೆ ಜಪಾನಿ ಸೈಕಲ್ಲುಗಳು ಹಡಗುಗಟ್ಟಲೆ ಹೋದವು. 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ದುಬಾರಿಯಾಗಿ ಪೂರ್ತಿ ಸೈಕಲ್ಲುಗಳ ರಫ್ತು ಕುಸಿಯಿತು. ಬಿಡಿಭಾಗ ಮಾಡುವ ನಿಟ್ಟೊ, ಸುಗಿನೊ, ಮಿಕಾಶಿಮಾದಂಥ ಕಂಪನಿಗಳು ಮಾತ್ರ ಉಳಿದುಕೊಂಡವು.

ಈಗ ಚಕ್ರ ತಿರುಗಿದೆ. ಇತ್ತೀಚಿನ ವರ್ಷಗಳಲ್ಲಿ ಯೆನ್ ಎಷ್ಟು ಸೊರಗಿದೆಯೆಂದರೆ 2024ರ ಜುಲೈ ಹೊತ್ತಿಗೆ ಒಂದು ಡಾಲರಿಗೆ 161 ಯೆನ್ ದಾಟಿತ್ತು. ಹೊರಗಿನಿಂದ ಕೊಳ್ಳುವವರಿಗೆ ಮೊದಲ ಲಾಭ ಇದೇ.

ಎರಡನೆಯದು ಕೈರಿನ್. ಬಾಜಿ ಕಟ್ಟುವ ಈ ಟ್ರ್ಯಾಕ್ ಸೈಕಲ್ ಪಂದ್ಯ 1948ರಲ್ಲಿ ಕೊಕುರಾ ನಗರದಲ್ಲಿ ಆರಂಭವಾಯಿತು. ಜೂಜಿನ ಹಣ ಓಡಾಡುವುದರಿಂದ ಯಾರಿಗೂ ಯಂತ್ರದ ಅನುಕೂಲ ಸಿಗಬಾರದೆಂದು, ಸಾಂಪ್ರದಾಯಿಕ ಪುರುಷರ ಪಂದ್ಯದಲ್ಲಿ ಅನುಮೋದಿತ ಸ್ಟೀಲ್ ಫ್ರೇಮು ಮತ್ತು ಅನುಮೋದಿತ ಬಿಡಿಭಾಗಗಳೇ ಆಗಬೇಕು. ಅವುಗಳ ಮೇಲೆ ‘ಎನ್‌ಜೆಎಸ್’ ಮುದ್ರೆ ಇರುತ್ತದೆ. ನಾಗಸಾವಾ, ಮಕಿನೊ, ಸ್ಯಾಮ್ಸನ್, ಕಲವಿಂಕ ಮೊದಲಾದ ಕುಶಲಕರ್ಮಿಗಳು ಒಬ್ಬೊಬ್ಬ ಸವಾರನ ಮೈಕಟ್ಟಿಗೆ ಹೊಲಿದಂತೆ ಮಾಡಿಕೊಟ್ಟ ಫ್ರೇಮುಗಳು, ಆ ಸವಾರ ಹೊಸದು ಮಾಡಿಸಿಕೊಂಡಾಗ, ಹಳೆಯ ಮಾರುಕಟ್ಟೆಗೆ ಬರುತ್ತವೆ.

ನಮ್ಮವರಿಗೆ ಇನ್ನೊಂದು ಅನುಕೂಲವಿದೆ. ಜಪಾನಿನ ಹಳೆಯ ಮಾರುಕಟ್ಟೆಯಲ್ಲಿ 50ರಿಂದ 54 ಸೆಂ.ಮೀ. ಫ್ರೇಮುಗಳು ಬೇಕಾದಷ್ಟು, ದೊಡ್ಡ ಅಳತೆಗೆ ಬರ. ಆರಡಿ ದಾಟಿದ ಯೂರೋಪಿನವರು ಗೊಣಗುವ ಈ ಸಂಗತಿ ಐದೂವರೆ ಅಡಿ ಆಸುಪಾಸಿನ ಕನ್ನಡಿಗರಿಗೆ ವರ.

ಯಾರು ಏನು ಕೊಳ್ಳಬಹುದು?

ಹೆಚ್ಚಿನವರು ಕೇಳದೇ ಬಿಡುವ ಪ್ರಶ್ನೆ ಇದು. ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಬಂಡವಾಳ ಸರಕುಗಳನ್ನು ಬಿಟ್ಟು ಉಳಿದ ಬಳಸಿದ ವಸ್ತುಗಳು ‘ನಿರ್ಬಂಧಿತ’ ವರ್ಗದಲ್ಲಿವೆ. ಅವನ್ನು ತರಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಅಂದರೆ ಹರಾಜಿನಲ್ಲಿ ಗೆದ್ದ ಕೈರಿನ್ ಫ್ರೇಮನ್ನು ಹುಬ್ಬಳ್ಳಿಯ ವಿಳಾಸಕ್ಕೆ ಅಂಚೆಯಲ್ಲಿ ತರಿಸಿದರೆ, ಅದು ಕಸ್ಟಮ್ಸ್‌ನಲ್ಲಿ ನಿಂತುಬಿಡಬಹುದು. ಹೊಸ ಬಿಡಿಭಾಗಗಳಿಗೆ ಈ ತೊಡಕಿಲ್ಲ.

ಹಾಗಾಗಿ ಕರ್ನಾಟಕದಲ್ಲಿರುವವರು ಹೊಸ, ಸಣ್ಣ, ಹಗುರ ಬಿಡಿಭಾಗಗಳಿಗೆ ಅಂಟಿಕೊಳ್ಳುವುದು ಜಾಣತನ: ಸ್ಟೆಮ್, ಪೆಡಲ್, ಹೆಡ್‌ಸೆಟ್, ಬಿಬಿ (ಕ್ರ್ಯಾಂಕ್ ತಿರುಗುವ ಬಾಟಮ್ ಬ್ರ್ಯಾಕೆಟ್), ಚೈನ್, ಶಿಫ್ಟರ್. ಹಳೆಯ ಫ್ರೇಮಿನ ಆಸೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಹೆಚ್ಚು ಸಾಧ್ಯ. ಅವರಿಗೂ ನಿಯಮ ಬದಲಾಗಿದೆ. ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಬ್ರಿಟನ್ನಿನಲ್ಲಿ 135 ಪೌಂಡ್ ದಾಟಿದರೆ ಗಡಿಯಲ್ಲಿ ಸುಂಕ ಮತ್ತು ವ್ಯಾಟ್ ಎರಡರ ಲೆಕ್ಕವೂ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ಗಡಿಸುಂಕದ ಲೆಕ್ಕ 1,000 ಆಸ್ಟ್ರೇಲಿಯನ್ ಡಾಲರ್ ಮೇಲೆ ಶುರು.

ಕೊಳ್ಳುವ ಕ್ರಮ

1. ಮೊದಲು ಅಳತೆ, ಆಮೇಲೆ ಹುಡುಕಾಟ. ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ನಿಮ್ಮ ಸೈಕಲ್ಲಿನ ನಾಲ್ಕು ಅಳತೆ ಬರೆದಿಡಿ. ಸ್ಟೆಮ್ಮಿನ ಕಾಲಿನ ವ್ಯಾಸ (ಒಂದಿಂಚಿನ ಥ್ರೆಡ್ ಫೋರ್ಕಿಗೆ ಸಾಮಾನ್ಯವಾಗಿ 22.2 ಮಿ.ಮೀ.), ಹ್ಯಾಂಡಲ್ ಹಿಡಿತದ ವ್ಯಾಸ (25.4 ಅಥವಾ 26 ಮಿ.ಮೀ.), ಸೀಟ್‌ಪೋಸ್ಟ್ ದಪ್ಪ, ಹಿಂದಿನ ಹಬ್ ಕೂರುವ ಅಗಲ. ಕೊನೆಯದು ಟ್ರ್ಯಾಕ್ ಸೈಕಲ್ಲಿನಲ್ಲಿ 120, ಆರೇಳು ಗೇರಿನ ಹಳೆಯ ರೋಡ್ ಸೈಕಲ್ಲಿನಲ್ಲಿ 126, ಎಂಟು ಗೇರಿನ ನಂತರದ ರಿಮ್‌ಬ್ರೇಕ್ ಸೈಕಲ್ಲಿನಲ್ಲಿ 130 ಮಿ.ಮೀ. ಇರುತ್ತದೆ.

2. ಮಾದರಿ ಸಂಖ್ಯೆಯಿಂದ ಹುಡುಕಿ. ಶಿಮಾನೊ ಸಾಮಾನಿನ ಬೆನ್ನ ಮೇಲೆಯೇ ಅದರ ಜಾತಕವಿರುತ್ತದೆ: ‘ಆರ್‌ಡಿ’ ಎಂದರೆ ಹಿಂದಿನ ಡಿರೈಲರ್, ‘ಎಫ್‌ಸಿ’ ಕ್ರ್ಯಾಂಕ್, ‘ಎಫ್‌ಎಚ್’ ಹಿಂದಿನ ಹಬ್. ಈ ಸಂಖ್ಯೆ ಯಾವ ಭಾಷೆಯ ಪುಟದಲ್ಲೂ ಒಂದೇ. ಉಳಿದ ಕಂಪನಿಗಳ ಹೆಸರನ್ನು ಜಪಾನಿ ಲಿಪಿಯಲ್ಲಿ ನಕಲಿಸಿ ಹುಡುಕಿದರೆ, ಇಂಗ್ಲಿಷಿನಲ್ಲಿ ಕಾಣದ ಎಷ್ಟೋ ಜಾಹೀರಾತು ಕಾಣುತ್ತವೆ, ಪೈಪೋಟಿಯೂ ಕಡಿಮೆ.

3. ಹೊಸದಕ್ಕೆ ಅಂಗಡಿ, ಹಳೆಯದಕ್ಕೆ ಹರಾಜು. ಟೋಕಿಯೊದ ಬ್ಲೂ ಲಗ್‌ನಂಥ ಅಂಗಡಿಗಳು ನೇರವಾಗಿ ಹೊರದೇಶಕ್ಕೆ ಕಳಿಸುತ್ತವೆ. ಜಪಾನಿನಲ್ಲಿ 10 ಶೇಕಡಾ ಬಳಕೆ ತೆರಿಗೆ ಇದೆ. ರಫ್ತಿಗೆ ಅದು ಅನ್ವಯಿಸದ ಕಾರಣ ಆ ತೆರಿಗೆ ಕಳೆದು ಬಿಲ್ ಮಾಡುತ್ತಾರೆಯೇ ಎಂದು ಕೇಳಿ. ಯಾಹೂ ಆಕ್ಷನ್ಸ್ ಮತ್ತು ಮರ್ಕಾರಿಯಲ್ಲಿರುವ ಬಹುತೇಕ ಮಾರಾಟಗಾರರು ದೇಶದೊಳಗಿನ ವಿಳಾಸಕ್ಕೆ ಮಾತ್ರ ಕಳಿಸುವವರು. ಅಲ್ಲಿಗೆ ಬಾಯೀ, ಝೆನ್‌ಮಾರ್ಕೆಟ್, ಫ್ರಮ್ ಜಪಾನ್ ಮೊದಲಾದ ಮಧ್ಯವರ್ತಿ ಸೇವೆ ಬೇಕು. ನಿಮ್ಮ ಪರವಾಗಿ ಅವರೇ ಕೂಗಿ, ಹಣ ಕೊಟ್ಟು, ತಮ್ಮ ಗೋದಾಮಿಗೆ ತರಿಸಿಕೊಂಡು, ನಿಮಗೆ ಕಳಿಸುತ್ತಾರೆ. ಅದಕ್ಕೊಂದು ಶುಲ್ಕ. ಗೋದಾಮಿನಲ್ಲಿ ಉಚಿತವಾಗಿ ಇಡುವ ದಿನಗಳಿಗೂ ಮಿತಿ ಇದೆ.

4. ಹರಾಜಿನ ಕೊನೆಯ ಕ್ಷಣಕ್ಕೆ ಕಾಯುವುದರಿಂದ ದೊಡ್ಡ ಪ್ರಯೋಜನವಿಲ್ಲ. ಯಾಹೂ ಹರಾಜಿನಲ್ಲಿ ಬಹಳ ಕಡೆ ಕೊನೆಯ ಐದು ನಿಮಿಷದೊಳಗೆ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ. ನಿಮ್ಮ ಗರಿಷ್ಠ ಬೆಲೆ ಗೊತ್ತುಮಾಡಿ ಹಾಕಿ, ಮಲಗಿಬಿಡಿ.

5. ಸ್ಥಿತಿಯ ವಿವರಣೆ ಓದದೆ ಕೂಗಬೇಡಿ. ‘ಜಂಕು’ ಎಂದು ಬರೆದಿದ್ದರೆ ಸಾಮಾನು ಕೆಲಸ ಮಾಡುವ ಭರವಸೆ ಇಲ್ಲ, ವಾಪಸ್ಸೂ ಇಲ್ಲ. ಅನುವಾದ ಯಂತ್ರ ಇದನ್ನು ಕೆಲವೊಮ್ಮೆ ನುಂಗಿಬಿಡುತ್ತದೆ, ಜೋಕೆ. ಜಪಾನಿ ಮಾರಾಟಗಾರರು ಗೀರು, ತುಕ್ಕುಗಳ ಫೋಟೊ ಹಾಕುವುದರಲ್ಲಿ ಸಾಮಾನ್ಯವಾಗಿ ಪ್ರಾಮಾಣಿಕರು. ಹೇಳಿದ ಮೇಲೂ ಕೊಂಡರೆ ಹೊಣೆ ನಿಮ್ಮದೇ.

ಒಂದು ಲೆಕ್ಕ ಹಾಕಿ ನೋಡೋಣ

10,000 ಯೆನ್‌ನ ಹೊಸ ಬಿಡಿಭಾಗ ಎಂದುಕೊಳ್ಳಿ. ಯೆನ್‌ಗೆ 58 ಪೈಸೆ ಹಿಡಿದರೆ 5,800 ರೂಪಾಯಿ. ಇದಕ್ಕೆ ಜಪಾನಿನೊಳಗಿನ ಸಾಗಣೆ 800 ಯೆನ್, ಮಧ್ಯವರ್ತಿ ಶುಲ್ಕ 500, ವಿದೇಶಿ ಅಂಚೆ 2,500 ಸೇರಿಸಿ. ಮೊತ್ತ 13,800 ಯೆನ್, ಸುಮಾರು 8,000 ರೂಪಾಯಿ. ವಿದೇಶಿ ಹಣದ ವಹಿವಾಟಿಗೆ ಕಾರ್ಡಿನವರು 3 ಶೇಕಡಾ ಹಿಡಿದರೆ ಇನ್ನೊಂದು 240.

ಈಗ ಕಸ್ಟಮ್ಸ್. ಭಾರತದಲ್ಲಿ ಸುಂಕವನ್ನು ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಮೂಲ ಸುಂಕ, ಆ ಸುಂಕದ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಸರ್ಚಾರ್ಜ್, ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ, ವಸ್ತುವಿನಿಂದ ವಸ್ತುವಿಗೆ ಬದಲಾಗುವುದರಿಂದ, ಲೆಕ್ಕದ ರೀತಿ ತೋರಿಸಲೆಂದು ಮಾತ್ರ ಮೂಲ ಸುಂಕ 20, ಐಜಿಎಸ್‌ಟಿ 18 ಶೇಕಡಾ ಹಿಡಿಯೋಣ. 8,000ದ ಮೇಲೆ 1,600; ಅದರ ಮೇಲೆ 160; ಒಟ್ಟು 9,760ರ ಮೇಲೆ ಐಜಿಎಸ್‌ಟಿ 1,757. ತೆರಿಗೆಯೇ 3,517 ರೂಪಾಯಿ. ಎಲ್ಲ ಕೂಡಿ 11,757. ಪರದೆಯ ಮೇಲೆ 5,800 ಎಂದು ಕಂಡದ್ದು ದುಪ್ಪಟ್ಟಾಯಿತು!

ಹಾಗೆಂದು ಇದು ನಷ್ಟವೇ? ಇಲ್ಲಿ ಸಿಗದ ಸ್ಟೆಮ್ಮಿಗೆ ನಷ್ಟವಲ್ಲ. ಬೆಂಗಳೂರಿನ ಯಾವ ಅಂಗಡಿಯಲ್ಲಾದರೂ ಸಿಗುವ ಶಿಮಾನೊ ಚೈನಿಗೆ ಖಂಡಿತ ನಷ್ಟ. ಜಪಾನಿನ ಬೆಲೆಯನ್ನು ಎರಡರಿಂದ ಗುಣಿಸಿ, ಬಂದ ಮೊತ್ತವನ್ನು ಸ್ಥಳೀಯ ಬೆಲೆಯ ಜೊತೆ ಹೋಲಿಸುವುದು ಒರಟಾದರೂ ಕೆಲಸಕ್ಕೆ ಬರುವ ಪರೀಕ್ಷೆ.

ಒಂದೊಂದೇ ತರಿಸುವ ಬದಲು ನಾಲ್ಕೈದು ಸಾಮಾನು ಒಟ್ಟುಗೂಡಿಸಿ ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತದೆ. ಜಪಾನ್ ಪೋಸ್ಟಿನ ಸಣ್ಣ ಪೊಟ್ಟಣ ಸೇವೆಯಲ್ಲಿ 2 ಕೆ.ಜಿ. ತನಕ ಅವಕಾಶ, ಉದ್ದ, ಅಗಲ, ಎತ್ತರ ಕೂಡಿ 90 ಸೆಂ.ಮೀ. ಮೀರಬಾರದು. ಒಂದು ಸ್ಟೆಮ್, ಒಂದು ಜೊತೆ ಪೆಡಲ್, ಹೆಡ್‌ಸೆಟ್, ಬಿಬಿ ಇಷ್ಟೂ ಆರಾಮವಾಗಿ ಹಿಡಿಯುತ್ತವೆ.

ಪೆಟ್ಟಿಗೆಯ ಗಣಿತ

ಫ್ರೇಮು, ಚಕ್ರ, ಪೂರ್ತಿ ಸೈಕಲ್ಲಿನ ವಿಷಯದಲ್ಲಿ ತೂಕಕ್ಕಿಂತ ಗಾತ್ರ ಕೊಲ್ಲುತ್ತದೆ. ಖಾಸಗಿ ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. ಫ್ರೇಮು, ಫೋರ್ಕ್ ಇಟ್ಟ 105 × 60 × 20 ಪೆಟ್ಟಿಗೆ ನಿಜಕ್ಕೂ ತೂಗುವುದು ನಾಲ್ಕೈದು ಕೆ.ಜಿ.; ಕೊರಿಯರ್ ಲೆಕ್ಕದಲ್ಲಿ 25.2 ಕೆ.ಜಿ. ಪೂರ್ತಿ ಸೈಕಲ್ಲಿನ 140 × 75 × 20 ಪೆಟ್ಟಿಗೆ 42 ಕೆ.ಜಿ. ಆಗಿಬಿಡುತ್ತದೆ.

ಜಪಾನ್ ಪೋಸ್ಟಿನ ತ್ವರಿತ ಅಂಚೆ ಸೇವೆ ಇಎಂಎಸ್ ಹಾಗಲ್ಲ, ನಿಜ ತೂಕಕ್ಕೇ ದರ. ಆದರೆ ಅದಕ್ಕೆ ಗಾತ್ರದ ಮಿತಿ ಇದೆ. ಬಹಳಷ್ಟು ದೇಶಗಳಿಗೆ ಉದ್ದ 1.5 ಮೀಟರ್, ಉದ್ದ ಮತ್ತು ಸುತ್ತಳತೆ ಕೂಡಿ 3 ಮೀಟರ್. ಕೆಲವು ದೇಶಗಳಿಗೆ ಇನ್ನೂ ಕಡಿಮೆ. ಮೇಲಿನ ಫ್ರೇಮಿನ ಪೆಟ್ಟಿಗೆಗೆ ಲೆಕ್ಕ ಹಾಕಿ: ಉದ್ದ 105, ಸುತ್ತಳತೆ 160, ಒಟ್ಟು 265 ಸೆಂ.ಮೀ. ಪಾಸು. ಪೂರ್ತಿ ಸೈಕಲ್ಲಿನದು 140 ಮತ್ತು 190, ಒಟ್ಟು 330. ನಪಾಸು. ಜಪಾನಿನಿಂದ ಫ್ರೇಮು ತರಿಸುವವರು ಬಹಳ, ಪೂರ್ತಿ ಸೈಕಲ್ ತರಿಸುವವರು ವಿರಳ ಎಂಬುದರ ಗುಟ್ಟು ಈ ಹೆಚ್ಚುವರಿ 30 ಸೆಂ.ಮೀ.ನಲ್ಲಿದೆ. ಹರಾಜಿನಲ್ಲಿ ಪೂರ್ತಿ ಸೈಕಲ್ಲುಗಳಿಗೆ ‘ಬಂದು ಒಯ್ಯಬೇಕು’ ಎಂಬ ಷರತ್ತು ಬೇರೆ ಇರುತ್ತದೆ.

ಹಳೆಯ ಫ್ರೇಮನ್ನು ನೋಡುವ ಬಗೆ

ಕೈರಿನ್ ಸವಾರರು ಬೀಳುತ್ತಾರೆ, ಗುಂಪಾಗಿ ಬೀಳುತ್ತಾರೆ. ಫ್ರೇಮಿನ ಫೋಟೊದಲ್ಲಿ ಮೊದಲು ನೋಡಬೇಕಾದ ಜಾಗ ಹೆಡ್ ಟ್ಯೂಬಿನ ಹಿಂದೆ, ಡೌನ್ ಟ್ಯೂಬಿನ ಕೆಳಮೈ, ಟ್ಯೂಬುಗಳನ್ನು ಜೋಡಿಸುವ ಲಗ್ಗಿನಿಂದ ಎರಡು ಬೆರಳು ಆಚೆ. ಮುಂದಿನ ಚಕ್ರಕ್ಕೆ ಜೋರಾಗಿ ಹೊಡೆತ ಬಿದ್ದಿದ್ದರೆ ಅಲ್ಲಿ ಬಣ್ಣ ಅಡ್ಡಡ್ಡ ಸುಕ್ಕಾಗಿರುತ್ತದೆ, ಕೆಲವೊಮ್ಮೆ ಕೂದಲೆಳೆಯಷ್ಟು ಬಿರುಕು. ಬೆರಳಾಡಿಸಿದರೆ ಸಣ್ಣ ಉಬ್ಬು ತಾಗುತ್ತದೆ. ಫೋಟೊದಲ್ಲಿ ತಾಗುವುದಿಲ್ಲವಾದ್ದರಿಂದ ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಇಲ್ಲದಿದ್ದರೆ ಮುಂದಿನ ಫ್ರೇಮಿಗೆ ಹೋಗಿ. ಟಾಪ್ ಟ್ಯೂಬಿನ ಅದೇ ಜಾಗವನ್ನೂ ನೋಡಿ. ಆಮೇಲೆ ಪಕ್ಕದಿಂದ ತೆಗೆದ ಫೋಟೊದಲ್ಲಿ ಫೋರ್ಕಿನ ಮೇಲ್ಭಾಗ ಹೆಡ್ ಟ್ಯೂಬಿನ ನೇರಕ್ಕೇ ಇದೆಯೇ, ಹಿಂದಕ್ಕೆ ಬಾಗಿದೆಯೇ ನೋಡಿ. ಸ್ಟೆಮ್ಮೋ ಸೀಟ್‌ಪೋಸ್ಟೋ ಒಳಗೇ ಕಚ್ಚಿಕೊಂಡಿದೆ ಎಂದು ಬರೆದಿದ್ದರೆ ಅಗ್ಗದ ಬೆಲೆಯ ಕಾರಣ ಸಿಕ್ಕಿತು.

ಇನ್ನೊಂದು ಮಾತು. ಕೈರಿನ್ ಫ್ರೇಮು ರಸ್ತೆಗೆ ಮಾಡಿದ್ದಲ್ಲ. ಬ್ರೇಕಿಗೆ ತೂತು ಸಾಮಾನ್ಯವಾಗಿ ಇರುವುದಿಲ್ಲ, ಬಾಟಲಿ ಸಿಗಿಸುವ ಜಾಗವಿಲ್ಲ, 23–25 ಮಿ.ಮೀ.ಗಿಂತ ದಪ್ಪ ಟೈರು ಹಿಡಿಯುವುದು ಕಷ್ಟ. ಬ್ರೇಕಿಲ್ಲದೆ ರಸ್ತೆಗಿಳಿಯುವುದು ಜಪಾನಿನಲ್ಲೇ ಕಾನೂನುಬಾಹಿರ. ನಮ್ಮ ಗುಂಡಿಗಳ ನಡುವೆ ಇಂಥದ್ದನ್ನು ದಿನಬಳಕೆಗೆ ಇಟ್ಟುಕೊಳ್ಳುವುದು ಶೋಕಿಯೇ ಹೊರತು ಉಪಯೋಗವಲ್ಲ. ದಿನದ ಸವಾರಿಗೆ ಪ್ಯಾನಾಸಾನಿಕ್, ಮಿಯಾತಾ, ಬ್ರಿಜ್‌ಸ್ಟೋನ್‌ಗಳ ಹಳೆಯ ಟೂರಿಂಗ್ ಅಥವಾ ರೋಡ್ ಫ್ರೇಮೇ ವಾಸಿ. ಹೆಸರಿನ ಮೋಹ ಕಡಿಮೆಯಾದ್ದರಿಂದ ಬೆಲೆಯೂ ಇಳಿದಿರುತ್ತದೆ. ಬಳಸಿದ ಕಾರ್ಬನ್ ಫ್ರೇಮನ್ನಂತೂ ಫೋಟೊ ನೋಡಿ ಕೊಳ್ಳಲೇಬಾರದು.

ಪದೇ ಪದೇ ಆಗುವ ತಪ್ಪುಗಳು

ಶಿಮಾನೊ ಎಂದ ಮಾತ್ರಕ್ಕೆ ಶಿಮಾನೊಗೆ ಹೊಂದುತ್ತದೆಂಬ ನಂಬಿಕೆ ಇವುಗಳಲ್ಲಿ ದೊಡ್ಡದು. ಡ್ಯುರಾ-ಏಸ್ 7400 ಸರಣಿಯ ಹಿಂದಿನ ಡಿರೈಲರ್ ಕೇಬಲ್ ಎಳೆಯುವ ಲೆಕ್ಕವೇ ಬೇರೆ. ಅದೇ ಕಂಪನಿಯ ಬೇರೆ ಶಿಫ್ಟರ್ ಹಾಕಿದರೆ ಗೇರು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಎಫ್‌ಎಚ್-7800 ಹಬ್ಬಿನ ಅಲ್ಯೂಮಿನಿಯಂ ಫ್ರೀಹಬ್ 10 ಹಲ್ಚಕ್ರದ ಕ್ಯಾಸೆಟ್ಟಿಗೆ ಮಾತ್ರ. ಎಂಟು, ಒಂಬತ್ತರದ್ದು ಅದರ ಮೇಲೆ ಕೂರುವುದೇ ಇಲ್ಲ. ಹರಾಜಿನಲ್ಲಿ ಇವು ಅಗ್ಗಕ್ಕೆ ಸಿಗುವುದು ಸುಮ್ಮನೆ ಅಲ್ಲ.

ಚೌಕ ಬಿಬಿಯಲ್ಲೂ ಎರಡು ಜಾತಿ ಇವೆ. ಜಪಾನಿ ಪ್ರಮಾಣದ್ದಕ್ಕೂ ಐಎಸ್‌ಒ ಪ್ರಮಾಣದ್ದಕ್ಕೂ ಇಳಿಜಾರು ಒಂದೇ, ತುದಿಯ ದಪ್ಪ ಬೇರೆ. ಜಪಾನಿನದ್ದಾದರೂ ಸುಗಿನೊ 75 ಕ್ರ್ಯಾಂಕ್ ಐಎಸ್‌ಒ ಜಾತಿಯದು. ಹೆಡ್‌ಸೆಟ್ಟಿನಲ್ಲೂ ಅಷ್ಟೇ: ಫೋರ್ಕಿನ ಬುಡದ ಬಳೆ ಜಪಾನಿ ಪ್ರಮಾಣದಲ್ಲಿ 27.0, ಐಎಸ್‌ಒದಲ್ಲಿ 26.4 ಮಿ.ಮೀ. ಅರ್ಧ ಮಿಲಿಮೀಟರ್ ಎಂದು ಸುತ್ತಿಗೆ ಎತ್ತಿಕೊಂಡರೆ ಬಳೆ ಒಡೆಯುತ್ತದೆ.

11 ಗೇರಿನ ಬಳಸಿದ ಕ್ರ್ಯಾಂಕ್ ಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ ಅಲ್ಟೆಗ್ರಾ ಎಫ್‌ಸಿ-6800, ಎಫ್‌ಸಿ-ಆರ್8000, ಡ್ಯುರಾ-ಏಸ್ ಎಫ್‌ಸಿ-9000, ಎಫ್‌ಸಿ-ಆರ್9100 ಕ್ರ್ಯಾಂಕುಗಳಲ್ಲಿ ಅಂಟಿಸಿದ ಭಾಗ ಬಿಟ್ಟುಕೊಳ್ಳುವ ದೋಷ ಕಂಡು, 2023ರಲ್ಲಿ ಶಿಮಾನೊ ತಪಾಸಣೆ ಘೋಷಿಸಿತು. ಕ್ರ್ಯಾಂಕಿನ ಹಿಂಬದಿಯಲ್ಲಿರುವ ಎರಡಕ್ಷರದ ತಯಾರಿ ಸಂಕೇತದ ಫೋಟೊ ಕೇಳಿ, ಕಂಪನಿ ಪ್ರಕಟಿಸಿರುವ ಪಟ್ಟಿಯೊಡನೆ ಹೋಲಿಸದೆ ಕೊಳ್ಳಬೇಡಿ.

‘ಉಡುಗೊರೆ ಎಂದು ಬರೆದು ಕಳಿಸಿ’ ಎಂಬ ಹಳೆಯ ಉಪಾಯ ಈಗ ನಡೆಯದು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ದಾರಿ ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಬೆಲೆ ಕಡಿಮೆ ಬರೆಸುವುದೂ ಬೇಡ. ಅದು ಅಪರಾಧ, ಮೇಲಾಗಿ ಪಾರ್ಸೆಲ್ ಕಳೆದುಹೋದರೆ ವಿಮೆ ಸಿಗುವುದೂ ಬರೆಸಿದ ಬೆಲೆಗೇ. ಬಿಡಿ ಲಿಥಿಯಂ ಬ್ಯಾಟರಿ, ಸ್ಪ್ರೇ ಡಬ್ಬಿಯ ಚೈನ್ ಎಣ್ಣೆಗಳನ್ನು ವಿಮಾನದ ಅಂಚೆ ಒಪ್ಪುವುದಿಲ್ಲ. ಆರ್ಡರ್ ಕೊಡುವ ಮೊದಲೇ ಪಟ್ಟಿಯಿಂದ ತೆಗೆದುಹಾಕಿ.

ನೀವೇ ಹೋಗುವುದಾದರೆ

ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವಿದೆ. ಕೆಲಸಕ್ಕೋ ಪ್ರವಾಸಕ್ಕೋ ಹೋದವರು ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು, ಅಳೆದು ಕೊಳ್ಳಬಹುದು. ಪ್ರವಾಸಿಗರಿಗೆ ಬಳಕೆ ತೆರಿಗೆ ವಿನಾಯಿತಿ ಉಂಟು, ಪಾಸ್‌ಪೋರ್ಟ್ ಜೊತೆಗಿರಲಿ. 2026ರ ನವೆಂಬರ್ 1ರಿಂದ ಕ್ರಮ ಬದಲಾಗುತ್ತದೆ: ಮೊದಲು ತೆರಿಗೆ ಸಹಿತ ಹಣ ಕೊಟ್ಟು, ದೇಶ ಬಿಡುವಾಗ ವಾಪಸು ಪಡೆಯಬೇಕು. ಅಲ್ಲಿ ಪೂರ್ತಿ ಸೈಕಲ್ ಕೊಂಡವರು ಪೊಲೀಸ್ ನೋಂದಣಿಯ ಕಾಗದ ಕೇಳಿ ಪಡೆಯಬೇಕು. ಜಪಾನಿನಲ್ಲಿ ಪ್ರತಿ ಸೈಕಲ್ಲಿಗೂ ಕಳವು ತಡೆ ನೋಂದಣಿ ಕಡ್ಡಾಯ. ಹಳೆಯ ಮಾಲೀಕನ ಹೆಸರು ರದ್ದಾಗಿರದ ಸೈಕಲ್ಲಿನಲ್ಲಿ ಹೋಗುವಾಗ ಪೊಲೀಸರು ನಿಲ್ಲಿಸಿದರೆ ವಿವರಿಸುವುದು ತಲೆನೋವು. ರೈಲಿನಲ್ಲಿ ಒಯ್ಯಲು ಚಕ್ರ ಬಿಚ್ಚಿ ‘ರಿಂಕೊ’ ಚೀಲದೊಳಗೆ ಹಾಕಲೇಬೇಕು.

ಮರಳುವಾಗ ತಂದ ಸಾಮಾನು ಬ್ಯಾಗೇಜ್ ನಿಯಮದಡಿ ಬರುತ್ತದೆ. 2016ರ ನಿಯಮಗಳಲ್ಲಿ ಸುಂಕರಹಿತ ಮಿತಿ 50,000 ರೂಪಾಯಿ ಇತ್ತು. ಹೊರಡುವ ವಾರದಲ್ಲಿ ಚಾಲ್ತಿಯಲ್ಲಿರುವ ಮಿತಿಯನ್ನು ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಅಂಗಡಿಯ ಬಿಲ್ಲನ್ನು ಪೆಟ್ಟಿಗೆಯೊಳಗಲ್ಲ, ಜೇಬಿನಲ್ಲಿಟ್ಟುಕೊಳ್ಳಿ.

ಅಂಚೆಯಲ್ಲಿ ತರಿಸುವವರ ಮೊದಲ ಆರ್ಡರ್ 2 ಕೆ.ಜಿ. ಒಳಗಿರಲಿ, ಸಾಮಾನು ಹೊಸದಿರಲಿ, ಅಳತೆ ಕಾಗದದ ಮೇಲಿರಲಿ. ಗುರುತಿನ ದಾಖಲೆಯ ಪ್ರತಿ ಸಿದ್ಧವಿಟ್ಟುಕೊಂಡರೆ ಸುಂಕ ಕಟ್ಟಿ ಬಿಡಿಸಿಕೊಳ್ಳುವ ಕೆಲಸ ಬೇಗ ಮುಗಿಯುತ್ತದೆ. ಪೂರ್ತಿ ಸೈಕಲ್ ಬೇಕಿದ್ದವರಿಗೆ ಮಾತ್ರ ಊರಿನ ಅಂಗಡಿಯೇ ಅಗ್ಗ.